‘ಡ್ಯೂನ್ 2’ಕ್ಕೂ ಮೊದಲಿನ ‘ಹರ್ಜೋಗ್ ಜ್ವೈ’: ಅದರ ಪ್ರಭಾವ ಎಷ್ಟು?

ಪ್ರಶ್ನೆ (ಮಂಡ್ಯ)
ನಮ್ಮ ಕಾಲೇಜಿನಲ್ಲಿ ವಿಡಿಯೊ ಗೇಮ್‌ಗಳ ಇತಿಹಾಸದ ಬಗ್ಗೆ ನಾನು ಮಾತನಾಡಬೇಕಾಗಿದೆ. ರಿಯಲ್-ಟೈಮ್ ಸ್ಟ್ರಾಟಜಿ ಆಟಗಳು (ಸರದಿಯಿಲ್ಲದೆ, ಎಲ್ಲರೂ ಏಕಕಾಲಕ್ಕೆ ಸೈನ್ಯ ನಡೆಸುವ ಯುದ್ಧತಂತ್ರದ ಆಟಗಳು) 1992ರ ‘ಡ್ಯೂನ್ 2’ರಿಂದ ಶುರುವಾದವೆಂದೇ ಓದಿದ್ದೆ. ಆದರೆ ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಗೇಮ್ ಯಂತ್ರಕ್ಕೆ 1989ರಲ್ಲೇ ಬಂದ ‘ಹರ್ಜೋಗ್ ಜ್ವೈ’ ಅದಕ್ಕಿಂತ ಹಿಂದಿನದು ಎಂದು ಹಿರಿಯರೊಬ್ಬರು ಹೇಳಿದರು. ಮೌಸ್ ಇಲ್ಲದೆ ಸೈನ್ಯ ನಡೆಸುವುದು ಹೇಗೆ ಸಾಧ್ಯವಾಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಕುವೆಂಪುನಗರ, ಮೈಸೂರು)
ಅವರು ಹೇಳಿದ್ದು ಸರಿ. ಜಪಾನಿನ ಟೆಕ್ನೋಸಾಫ್ಟ್ ಕಂಪನಿಯ ಈ ಆಟದಲ್ಲಿ ಆಟಗಾರನೇ ರಣರಂಗದಲ್ಲಿರುತ್ತಾನೆ. ಅವನ ಯಂತ್ರ ಆಕಾಶದಲ್ಲಿ ವಿಮಾನ, ನೆಲಕ್ಕಿಳಿದರೆ ರೋಬೋ. ಟ್ಯಾಂಕು, ಕಾಲಾಳುಗಳನ್ನು ಹಣ ಕೊಟ್ಟು ತರಿಸಿ, ಹೊತ್ತೊಯ್ದು, ಬೇಕಾದ ಕಡೆ ಇಳಿಸಬೇಕು. ಆದೇಶಕ್ಕೂ ಹಣ ತೆರಬೇಕು. ಸಣ್ಣ ನೆಲೆಯೊಂದನ್ನು ವಶಪಡಿಸಿಕೊಳ್ಳಲು ನಾಲ್ಕು ಕಾಲಾಳುಗಳು ಅದರೊಳಗೆ ಸೇರಬೇಕು. ನೆಲೆಗಳು ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆ, ಆದರೆ ಅವನ್ನು ಕಾಯುವ ಹೊರೆಯೂ ಹೆಚ್ಚುತ್ತದೆ. ಇಂಧನ ಮುಗಿಯುವ ಮುನ್ನ ಯಂತ್ರ ತನ್ನ ನೆಲೆಗೆ ಮರಳಬೇಕಾದ್ದರಿಂದ, ಎಲ್ಲಿಗೆ ಹೋಗಬೇಕು, ಯಾವುದನ್ನು ಸದ್ಯಕ್ಕೆ ಕೈಬಿಡಬೇಕು ಎಂಬ ತೀರ್ಮಾನವನ್ನು ಕ್ಷಣಕ್ಷಣವೂ ತೆಗೆದುಕೊಳ್ಳಬೇಕು. ಈ ಆಟದ ನಿಜವಾದ ಸತ್ವ ಇರುವುದು ಅಲ್ಲೇ. ಮೌಸ್‌ನ ಬಾಣದ ಗುರುತು ಮಾಡುವ ಕೆಲಸವನ್ನು ಇಲ್ಲಿ ಶತ್ರು ಹೊಡೆದುರುಳಿಸಬಹುದಾದ ಯಂತ್ರವೇ ಮಾಡುತ್ತದೆ.

ಉತ್ತರ 2 (ವಿಜಯನಗರ, ಮೈಸೂರು)
ಪ್ರಭಾವದ ಬಗ್ಗೆ ಅಳೆದು ಮಾತನಾಡುವುದು ಒಳ್ಳೆಯದು. ‘ಡ್ಯೂನ್ 2’ ತಯಾರಿಸಿದ ವೆಸ್ಟ್‌ವುಡ್ ಕಂಪನಿಯ ಬ್ರೆಟ್ ಸ್ಪೆರಿ ಆ ಆಟಕ್ಕೆ ‘ಹರ್ಜೋಗ್ ಜ್ವೈ’ ಪ್ರೇರಣೆಯೆಂದು ಒಪ್ಪಿದ್ದಾರೆ; ಜೊತೆಗೆ ಮ್ಯಾಕ್ ಕಂಪ್ಯೂಟರಿನ ಇಂಟರ್ಫೇಸನ್ನೂ ಹೆಸರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ, ಸರದಿಗಾಗಿ ಕಾಯದೆ ಇಬ್ಬರೂ ಏಕಕಾಲಕ್ಕೆ ಹಣ, ಸೈನ್ಯ, ನೆಲೆಗಳನ್ನು ನಿಭಾಯಿಸುವ ಕ್ರಮ ಮುಂದಿನ ಆಟಗಳಿಗೆ ಹರಿದುಬಂತು, ಆದರೆ ಸೇನಾಪತಿಯೇ ಕಣಕ್ಕಿಳಿಯುವ ಅಂಶವನ್ನು ‘ಡ್ಯೂನ್ 2’ ಸ್ವೀಕರಿಸಲಿಲ್ಲ. ಅದನ್ನು ಬಹಳ ಕಾಲದ ನಂತರ ‘ಏರ್‌ಮೆಕ್’ ಎಂಬ ಆಟ ನೇರವಾಗಿ ಮುಂದುವರಿಸಿತು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಈಗ ಇದನ್ನು ಆಡಿ ತೋರಿಸಲು ಸಾಧ್ಯವೇ?

ಉತ್ತರ 1
ಖಂಡಿತ ಸಾಧ್ಯ. ಸೆಗಾ 2020ರಲ್ಲಿ ಇದನ್ನು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಮರಳಿ ತಂದಿತು. ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, ಪರದೆ ಎರಡು ಪಾಲಾಗುವ ವಿಧಾನದಲ್ಲೇ ಆಡಿಸಿ. ಮೂವರು ಕಾಲಾಳುಗಳು ನೆಲೆ ಸೇರಿ, ನಾಲ್ಕನೆಯವನನ್ನು ಎದುರಾಳಿ ದಾರಿಯಲ್ಲೇ ಹೊಡೆದಾಗ, ನಾನು ಮೇಲೆ ಹೇಳಿದ್ದೆಲ್ಲ ನೋಡುವವರಿಗೆ ತಾನಾಗಿಯೇ ಅರ್ಥವಾಗುತ್ತದೆ.