ದೋರಗಾಯಿ: ಟೊಮೆಟೊಗೂ ಈ ಮಾತು ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಹೊಸ ಪದವೇನಲ್ಲ, ‘ದೋರಗಾಯಿ’. ಸೀಬೆಮರ ಹತ್ತಿ ಬೈಸಿಕೊಂಡವರಿಗೆಲ್ಲ ಗೊತ್ತಿರುತ್ತದೆ: ಪೂರ್ತಿ ಕಾಯಿಯಲ್ಲ, ಹಣ್ಣೂ ಆಗಿಲ್ಲ, ಹಲ್ಲಿಗೆ ಕರುಮ್ ಅನ್ನುತ್ತದೆ, ಆದರೆ ಒಗರು ಹೋಗಿ ಸಿಹಿ ಹತ್ತಿದೆ. ಮಾವಿಗೂ ಹುಣಸೆಗೂ ಇದೇ ಮಾತು ನಡೆಯುತ್ತದೆ. ಟೊಮೆಟೊಗೂ ಹೇಳಬಹುದೇ ಅನ್ನುವುದು ನನ್ನ ಪ್ರಶ್ನೆ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಚಿಂತಾಮಣಿಯಲ್ಲಿ ನಾವು ಕೆಲವರು ಸೇರಿ ಹಿತ್ತಿಲಲ್ಲಿ, ತಾರಸಿಯಲ್ಲಿ ತರಕಾರಿ ಬೆಳೆಯುವವರಿಗಾಗಿ ಒಂದು ಚಿಕ್ಕ ಕೈಪಿಡಿ ಸಿದ್ಧ ಮಾಡುತ್ತಿದ್ದೇವೆ. ಟೊಮೆಟೊ ಯಾವಾಗ ಕೀಳಬೇಕು ಅನ್ನುವ ಕಡೆ ಇಂಗ್ಲಿಷ್ ಪುಸ್ತಕಗಳೆಲ್ಲ ‘ಬ್ರೇಕರ್’ ಹಂತ ಅನ್ನುತ್ತವೆ. ಕರಡು ಮಾಡಿದವರು ಅದನ್ನು ‘ಒಡೆಯುವ ಹಂತ’ ಎಂದು ಬರೆದಿದ್ದರು. ಅದನ್ನು ಓದಿದ ಪಕ್ಕದ ಮನೆಯ ಅಜ್ಜಿ, “ಒಡ್ದೋದ್ಮೇಲೆ ಕಿತ್ರೆ ಇರುವೆ ಮುತ್ಕೊಳಲ್ವಾ?” ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಟೊಮೆಟೊ ಒಡೆಯಿತು ಅಂದರೆ ನಮ್ಮಲ್ಲಿ ಸಿಪ್ಪೆ ಬಿರಿಯಿತು ಅಂತಲೇ ಅರ್ಥ. ಕುಂಡ ಒಣಗಲು ಬಿಟ್ಟು ಆಮೇಲೆ ಒಮ್ಮೆಗೇ ಕೊಡಗಟ್ಟಲೆ ನೀರು ಸುರಿದರೆ ತೊಟ್ಟಿನ ಸುತ್ತ ಬಿರುಕು ಬಿಡುತ್ತದಲ್ಲ, ಅದು. ಇಂಗ್ಲಿಷಿನವರು ಹೇಳುತ್ತಿರುವುದು ಹಸಿರು ಒಡೆದು ಬೇರೆ ಬಣ್ಣ ಇಣುಕುವುದನ್ನು.

ಅಮೆರಿಕದ ಕೃಷಿ ಇಲಾಖೆಯ ವರ್ಗೀಕರಣದಲ್ಲಿ ಟೊಮೆಟೊಗೆ ಆರು ಮೆಟ್ಟಿಲು. ಮೊದಲನೆಯದು ಬಲಿತ ಹಸಿರುಕಾಯಿ. ಎರಡನೆಯದು ಈ ಬ್ರೇಕರ್. ಇದರಲ್ಲಿ ಬಣ್ಣ ತಿರುಗಿದ ಭಾಗ ಮೈಯ 10%ಗಿಂತ ಹೆಚ್ಚಿರುವುದಿಲ್ಲ. ಆಮೇಲೆ 30%ವರೆಗೆ ಒಂದು, 60%ವರೆಗೆ ಒಂದು, 90%ವರೆಗೆ ಒಂದು, ಅದರಾಚೆ ಪೂರ್ತಿ ಕೆಂಪು. ಮನೆ ಮುಂದೆ ನಾಲ್ಕು ಗಿಡ ಹಾಕಿಕೊಂಡವರಿಗೆ ಇಷ್ಟೆಲ್ಲ ಬೇಕಿಲ್ಲ, ಎರಡನೆಯ ಮೆಟ್ಟಿಲೊಂದು ಗುರುತು ಸಿಕ್ಕರೆ ಸಾಕು. ಗುರುತು ಹಿಡಿಯುವುದೂ ಸುಲಭ. ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ ಕೆಳಗಿನಿಂದ ನೋಡಬೇಕು. ಹೂವು ಉದುರಿದ ಜಾಗದ ಸುತ್ತ ಹಸಿರು ತೆಳುವಾಗಿ, ಬೆಳ್ಳಗೆ, ಆಮೇಲೆ ಮಾಸಲು ಹಳದಿಯಾಗಿ, ಅದರೊಳಗೆ ನಸುಗೆಂಪು ಕಾಣುತ್ತದೆ. ಮೇಲಿನಿಂದ ನೋಡಿದರೆ ಇನ್ನೂ ಹಸಿ ಹಸಿರು. ಕೊಯ್ದರೆ ಬೀಜದ ಸುತ್ತ ಲೋಳೆ ಆಗಲೇ ಕೂಡಿಕೊಂಡಿರುತ್ತದೆ, ಚಾಕುವಿಗೆ ಬೀಜ ಸಿಕ್ಕದೆ ಜಾರುತ್ತದೆ. ಟೊಮೆಟೊ ಒಳಗಿನಿಂದ ಹೊರಕ್ಕೆ ಹಣ್ಣಾಗುವ ಜಾತಿ.

ಈ ಹಂತ ಮುಟ್ಟಿದ ಕಾಯಿಗೆ ಇನ್ನು ಗಿಡದ ಹಂಗಿಲ್ಲ. ಅದರೊಳಗೇ ಎಥಿಲೀನ್ ಅನಿಲ ಹುಟ್ಟಲು ಶುರುವಾಗಿರುತ್ತದೆ, ಕಿತ್ತು ಬುಟ್ಟಿಯಲ್ಲಿಟ್ಟರೂ ತಾನೇ ಹಣ್ಣಾಗುತ್ತದೆ. ನಮ್ಮ ಸೀಮೆಗೆ ಇದು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಮೇಲೆ ಬಿಟ್ಟ ಹಣ್ಣು ಕೆಂಪಗಾಗದೆ ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ, “ಬೀಜ ಸರಿಯಿಲ್ಲ” ಅಂತ ಎಲ್ಲರೂ ಬೀಜದಂಗಡಿಯವರನ್ನು ಬೈಯುತ್ತಾರೆ. ಬೀಜದ ತಪ್ಪಲ್ಲ. ಕೆಂಪು ಕೊಡುವ ಲೈಕೋಪೀನ್ ಸುಮಾರು 30 ಡಿಗ್ರಿ ದಾಟಿದ ಬಿಸಿಯಲ್ಲಿ ಸರಿಯಾಗಿ ಹುಟ್ಟುವುದಿಲ್ಲ, ಹಳದಿ ಕೊಡುವ ಕ್ಯಾರೊಟೀನ್ ಮಾತ್ರ ಹುಟ್ಟುತ್ತಲೇ ಇರುತ್ತದೆ. ಆ ದಿನಗಳಲ್ಲಿ ದೋರೆ ಹತ್ತಿದ್ದನ್ನು ಕಿತ್ತು ಅಡುಗೆಮನೆಯ ನೆರಳಿನ ಮೂಲೆಯಲ್ಲಿಟ್ಟರೆ ಒಳ್ಳೆಯ ಕೆಂಪು ಬರುತ್ತದೆ, ಗಿಳಿ ಅಳಿಲುಗಳ ಕಾಟವೂ ತಪ್ಪುತ್ತದೆ. ಫ್ರಿಜ್ಜಿಗೆ ಮಾತ್ರ ಹಾಕಬಾರದು, ಆ ತಣ್ಣಗೆ ಹಣ್ಣಾಗುವುದೇ ನಿಂತುಹೋಗುತ್ತದೆ.

ನೋಡಿ, ಮೇಲೆ ‘ದೋರೆ ಹತ್ತಿದ್ದು’ ಎಂದು ನಾನೇ ಬರೆದುಬಿಟ್ಟಿದ್ದೇನೆ. ಬೇರೆ ಮಾತು ಕೈಗೆ ಬರಲಿಲ್ಲ.

ಆ ಅಜ್ಜಿಗೆ ಕಾಯಿ ತೋರಿಸಿ “ಇದಕ್ಕೇನಂತೀರಿ?” ಅಂದಾಗ ಅವರು ಯೋಚಿಸದೆಯೇ “ದ್ವಾರ್ಗಾಯಿ” ಅಂದರು. ಅವರ ಮೊಮ್ಮಗ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹಾಕುವವನು. ಅವನು ನಕ್ಕ: “ಅದೆಲ್ಲ ಮಾವಿನಕಾಯ್ಗೆ ಅಜ್ಜಿ, ನಾವು ಕಲರ್ ಬಿದ್ದೈತೆ ಅಂತೀವಿ.” ಮಾರುಕಟ್ಟೆಯ ಭಾಷೆ ಹಾಗೆಯೇ. 15 ಕೆ.ಜಿ. ಬಾಕ್ಸು ತುಂಬಿ ಉತ್ತರದ ರಾಜ್ಯಗಳಿಗೆ ಲಾರಿ ಹತ್ತಿಸುವವರಿಗೆ ಬೇಕಾದದ್ದು ಇದೇ ಹಂತದ ಕಾಯಿ, ಪೂರ್ತಿ ಹಣ್ಣಾದದ್ದು ದಾರಿಯಲ್ಲೇ ರಸವಾಗುತ್ತದೆ. ‘ಕಲರ್’ ಅನ್ನುವುದರಲ್ಲಿ ಒಂದು ತೊಂದರೆ ಇದೆ. ಹತ್ತು ಭಾಗ ಬಂದರೂ ಕಲರ್ರೇ, ಎಂಬತ್ತು ಭಾಗ ಬಂದರೂ ಕಲರ್ರೇ. ಇಲಾಖೆಯ ಕರಪತ್ರಗಳಲ್ಲಿ ಬರುವ ‘ಬಣ್ಣ ತಿರುಗುವ ಹಂತ’ವೂ ಅದೇ ಕಥೆ, ಜೊತೆಗೆ ಯಾರೂ ಬಾಯಲ್ಲಿ ಆಡದ ಮಾತು.

ನನ್ನ ವಾದ ಇಷ್ಟು: ಕನ್ನಡದಲ್ಲಿ ಕಾಯಿ ಹಣ್ಣಾಗುವ ದಾರಿಗೆ ಒಳ್ಳೆಯ ಮೈಲಿಗಲ್ಲುಗಳು ಆಗಲೇ ಇವೆ. ಹೂ ಕಾಯಿಕಚ್ಚುತ್ತದೆ, ಹೀಚಾಗುತ್ತದೆ (ನಮ್ಮ ಕಡೆ ಪಿಂದೆ ಅಂತಲೂ ಅನ್ನುತ್ತಾರೆ), ಎಳೆಗಾಯಿ ಬಲಿಯುತ್ತದೆ, ಬಲಿತದ್ದು ದೋರೆಯಾಗುತ್ತದೆ, ಆಮೇಲೆ ಹಣ್ಣು, ಆಮೇಲೆ ಕಳಿಯುತ್ತದೆ. ಇಲ್ಲಿ ‘ಬಲಿ’ ಮತ್ತು ‘ಮಾಗು’ ಬೇರೆ ಬೇರೆ ಎನ್ನುವುದನ್ನು ಗಮನಿಸಿ. ಬಲಿಯುವುದು ಗಿಡದಲ್ಲೇ ಆಗಬೇಕು, ಬಲಿಯದ ಕಾಯಿಯನ್ನು ಕಿತ್ತು ಏನು ಮಾಡಿದರೂ ಅದು ಸುಕ್ಕುಗಟ್ಟುತ್ತದೆಯೇ ಹೊರತು ರುಚಿಯ ಹಣ್ಣಾಗದು. ಮಾಗುವುದು ಎಲ್ಲಿ ಬೇಕಾದರೂ ಆಗಬಹುದು. ತೋಟಗಾರಿಕೆ ವಿಜ್ಞಾನ ಕೊಯ್ಲಿನ ಪಾಠ ಶುರುಮಾಡುವುದೇ ಈ ಭೇದದಿಂದ. ನಮ್ಮ ಹಳ್ಳಿಯವರು ಬಲಿತ ಮಾವನ್ನು ನೋಡಿ ಕಿತ್ತು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು. ಹುಲ್ಲಿನ ಬಿಸುಪಿನಲ್ಲಿ ಹಣ್ಣು ಬಿಟ್ಟ ಎಥಿಲೀನ್ ಹೊರಗೆ ಹೋಗದೆ ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಕೈಪಿಡಿಯಲ್ಲಿ “ಟೊಮೆಟೊ ಜೊತೆ ಒಂದು ಬಾಳೆಹಣ್ಣು ಇಟ್ಟು ಕಾಗದದ ಚೀಲ ಮುಚ್ಚಿ” ಎಂದಿದ್ದುದನ್ನು ನಾನು “ಅಡೆ ಹಾಕಿ” ಎಂದು ತಿದ್ದಿದೆ. ಯಾರೂ ಅರ್ಥವಾಗಲಿಲ್ಲ ಅನ್ನಲಿಲ್ಲ.

ಇನ್ನು ಪದದ ರೂಪ. ದೋರಗಾಯಿಯೋ, ದೋರೆಗಾಯಿಯೋ, ದ್ವಾರಗಾಯಿಯೋ? ಕೊನೆಯದನ್ನು ಅಚ್ಚಿನಲ್ಲೂ ನೋಡಿದ್ದೇನೆ. ಬಾಗಿಲಿಗೂ ಸೀಬೆಕಾಯಿಗೂ ಏನು ಸಂಬಂಧ? ‘ದ್ವಾ’ ಬಂದಿರುವುದು ಬರೀ ಉಚ್ಚಾರಣೆಯಿಂದ. ಹಳೇ ಮೈಸೂರಿನ ಆಡುಮಾತಿನಲ್ಲಿ ತೋಟ ತ್ವಾಟವಾಗುತ್ತದೆ, ದೋಸೆ ದ್ವಾಸೆಯಾಗುತ್ತದೆ, ಮೇಕೆ ಮ್ಯಾಕೆಯಾಗುತ್ತದೆ. ಆದರೆ ಬೇರು ಬೇರಾಗಿಯೇ, ಬೇಲಿ ಬೇಲಿಯಾಗಿಯೇ, ಗೋಣಿ ಗೋಣಿಯಾಗಿಯೇ ಉಳಿಯುತ್ತವೆ, ಮುಂದಿನ ಅಕ್ಷರದಲ್ಲಿ ಇಕಾರ ಉಕಾರ ಇದ್ದರೆ ಏ, ಓ ಬದಲಾಗುವುದಿಲ್ಲ. ಹಾಗಾಗಿ ದ್ವಾರ್ಗಾಯಿ ಅನ್ನುವವರ ಬಾಯಲ್ಲಿ ಮೂಲ ‘ದೋರ’ ಅಥವಾ ‘ದೋರೆ’ ಇದ್ದಿರಬೇಕು. ಕಾಯಿಯಲ್ಲಿ ಬಣ್ಣ ‘ತೋರು’ವುದರಿಂದ ದೋರು, ದೋರ ಎಂದು ಗೆಳೆಯರೊಬ್ಬರು ಬಿಡಿಸಿದರು. ಕೇಳಲು ಚೆನ್ನಾಗಿದೆ, ನನಗೆ ನಂಬಿಕೆ ಬಂದಿಲ್ಲ. ‘ತೋರು’ವಿನ ಉಕಾರದಿಂದ ಹೊರಟಿದ್ದರೆ ‘ದ್ವಾ’ ಬರುವುದು ಅಷ್ಟು ಸಲೀಸಲ್ಲ.

ತೆಲುಗಿನಲ್ಲೂ ಇದು ‘ದೋರ’. ದೋರ ಜಾಮಕಾಯ ಅಂದರೆ ದೋರಗಾಯಿ ಸೀಬೆಯೇ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಎರಡೂ ಭಾಷೆ ಒಂದೇ ಜಗಲಿಯಲ್ಲಿ ಕೂರುವುದರಿಂದ ಯಾರು ಯಾರಿಂದ ಪಡೆದರು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಮಂಡ್ಯ, ಹಾಸನದವರೂ ದೋರಗಾಯಿ ಅನ್ನುತ್ತಾರೆ. ಆದರೆ ತೆಲುಗಿನವರು ಇದನ್ನು ಒಲೆಯ ತನಕ ತಂದಿದ್ದಾರೆ. ಈರುಳ್ಳಿಯನ್ನೋ ಕಡಲೆಬೀಜವನ್ನೋ ‘ದೋರಗಾ ವೇಯಿಂಚು’ ಅಂದರೆ ಹೊತ್ತಿಸದೆ, ಬಣ್ಣ ತಿರುಗುವಷ್ಟು ಮಾತ್ರ ಹುರಿ ಎಂದರ್ಥ. ಕನ್ನಡದಲ್ಲಿ ನಾವು ಅದಕ್ಕೆ ‘ಹೊಂಬಣ್ಣ ಬರುವವರೆಗೆ’ ಅನ್ನುತ್ತೇವೆ. ಗಡಿಸೀಮೆಯ ಕನ್ನಡ ಮನೆಗಳಲ್ಲಿ ಯಾರಾದರೂ ‘ದೋರೆಯಾಗಿ ಹುರಿ’ ಅನ್ನುವುದನ್ನು ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರು ಸಮೇತ ತಿಳಿಸಿ. ಆ ಬಳಕೆ ಕನ್ನಡದಲ್ಲೂ ಇದ್ದರೆ, ದೋರ ಅನ್ನುವುದಕ್ಕೆ ರುಚಿಗಿಂತ ಬಣ್ಣವೇ ಮುಖ್ಯ ಎಂದಾಗುತ್ತದೆ, ಟೊಮೆಟೊಗೆ ಸಲ್ಲದು ಎನ್ನುವ ವಾದ ಅರ್ಧ ಬಿದ್ದುಹೋಗುತ್ತದೆ.

ಏಕೆಂದರೆ ಆಕ್ಷೇಪಣೆ ಬಂದಿರುವುದು ಅಲ್ಲೇ. ದೋರಗಾಯಿ ಅಂದರೆ ಹಾಗೇ ಕಚ್ಚಿ ತಿನ್ನುವಂಥದ್ದು, ಉಪ್ಪುಖಾರ ಹಚ್ಚಿ ಬಾಯಿಗೆ ಹಾಕುವಂಥದ್ದು, ಟೊಮೆಟೊವನ್ನು ಆ ಹಂತದಲ್ಲಿ ಯಾರು ತಿನ್ನುತ್ತಾರೆ ಎಂದು ಕರಡು ನೋಡಿದವರೊಬ್ಬರು ಕೇಳಿದರು. ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಟೊಮೆಟೊ ನಮ್ಮ ಹಿತ್ತಿಲಿಗೆ ಬಂದದ್ದೇ ಬರಿಗೈಯಲ್ಲಿ. ಹೆಸರು ಮೆಕ್ಸಿಕೋದ ನಾವಾಟ್ಲ್ ಭಾಷೆಯಿಂದ ಯುರೋಪು ಸುತ್ತಿ ಬಂತು, ಉಳಿದ ಮಾತನ್ನೆಲ್ಲ ಇಲ್ಲಿ ಮೊದಲೇ ಇದ್ದವರಿಂದ ಕಡ ತೆಗೆದುಕೊಂಡಿತು. ಹಂಬು ಸೋರೆ ಕುಂಬಳದ್ದು, ಕುಡಿ ಚಿವುಟುವುದೂ ಅಲ್ಲಿಯದೇ. ಮಾವು ಸೀಬೆಗಳಿಂದ ಇನ್ನೊಂದು ಮಾತು ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಎಲ್ಲ ಕಡವೂ ಒಳ್ಳೆಯದಲ್ಲ, ಒಪ್ಪುತ್ತೇನೆ. ‘ಊಜಿ’ಯನ್ನೇ ತೆಗೆದುಕೊಳ್ಳಿ. ಇದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣ, 1980ರಲ್ಲಿ ಕರ್ನಾಟಕಕ್ಕೆ ಬಂತು. ಮರಿಹುಳು ಗೂಡನ್ನು ತೂತು ಮಾಡಿ ಹೊರಬೀಳುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲಾಗದು. ಜಪಾನಿ ಭಾಷೆಯಲ್ಲಿ ‘ಉಜಿ’ ಅಂದರೆ ನೊಣದ ಮರಿಹುಳು. ಶಿಡ್ಲಘಟ್ಟದ ರೇಷ್ಮೆ ಮನೆಗಳಿಂದ ಆ ಮಾತು ಈಗ ತರಕಾರಿ ತೋಟಕ್ಕೆ ಇಳಿದಿದೆ. ಹೀರೆಕಾಯಿ ಚುಚ್ಚುವ ಹಣ್ಣುನೊಣವೂ ಊಜಿ, ಮಾವಿನದೂ ಊಜಿ, ಟೊಮೆಟೊ ಎಲೆಯೊಳಗೆ ಸುರಂಗ ತೋಡಿ ಕಾಯಿಗೆ ಸೂಜಿತೂತು ಹಾಕುವ ಟ್ಯೂಟಾ ಕೂಡ ಊಜಿ. ಆದರೆ 2014ರಲ್ಲಿ ಭಾರತದಲ್ಲಿ ಮೊದಲು ಕಂಡ ಆ ಟ್ಯೂಟಾ ನೊಣವೇ ಅಲ್ಲ, ಪುಟ್ಟ ಪತಂಗ. ಮಾವಿನ ನೊಣಕ್ಕೆ ಮೀಥೈಲ್ ಯುಜೆನಾಲ್ ಬಲೆ, ಹೀರೆ ಹಾಗಲದ್ದಕ್ಕೆ ಕ್ಯೂಲೂರ್, ಟ್ಯೂಟಾಗೆ ಅದರದೇ ಮೋಹಕ ಬಲೆ. ಅಂಗಡಿಗೆ ಹೋಗಿ “ಊಜಿ ಬಲೆ ಕೊಡಿ” ಅಂದರೆ ಕೈಗೆ ಬಂದದ್ದು ಬರುತ್ತದೆ. ಅದಕ್ಕೇ ಕೈಪಿಡಿಯಲ್ಲಿ ಟ್ಯೂಟಾಗೆ ‘ಸುರಂಗ ಪತಂಗ’ ಎಂದು ಹಾಕಿದ್ದೇವೆ.

‘ಬುಡ’ದ್ದು ಇನ್ನೂ ಫಜೀತಿ. “ಟೊಮೆಟೊ ಬುಡ ಕೊಳೀತಾ ಐತೆ” ಅಂದರೆ ಗಿಡದ ಬುಡವೋ ಕಾಯಿಯ ಬುಡವೋ? ಮೊದಲನೆಯದು ಮಣ್ಣಿನ ಶಿಲೀಂಧ್ರದ ಕೆಲಸ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಎರಡನೆಯದು ರೋಗವೇ ಅಲ್ಲ. ಬೆಳೆಯುತ್ತಿರುವ ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಲದೆ ಕೆಳತುದಿ ಕಪ್ಪಗೆ ಚರ್ಮದಂತೆ ಒಳಸೇರುತ್ತದೆ. ಮಣ್ಣಿನಲ್ಲಿ ಸುಣ್ಣದಂಶ ಇದ್ದರೂ ಹೀಗಾಗಬಹುದು, ಅದನ್ನು ಹೊತ್ತೊಯ್ಯುವುದು ನೀರು, ಒಂದು ದಿನ ಹಾಕಿ ಮೂರು ದಿನ ಮರೆತರೆ ಕಾಯಿಯ ತುದಿಗೆ ಮುಟ್ಟುವುದಿಲ್ಲ. ಕುಂಡದ ಗಿಡಗಳಲ್ಲಿ ಇದೇ ಹೆಚ್ಚು. ‘ಬುಡ’ ಎಂದು ಕೇಳಿ ಬೇರಿಗೆ ತಾಮ್ರದ ಔಷಧಿ ಸುರಿದವರನ್ನು ಕಂಡಿದ್ದೇನೆ. ಕರಪತ್ರಗಳ ‘ಹೂ ತುದಿ ಕೊಳೆ’ ಸರಿಯಾಗಿದೆ, ಆದರೆ ಓದಿದವರು ಹೂವಿನ ಕಡೆ ನೋಡುತ್ತಾರೆ. ಮಾವಿನಕಾಯಿಗೆ ತೊಟ್ಟು, ಮೂತಿ ಅನ್ನುವಂತೆ ಇಲ್ಲಿಯೂ ‘ಮೂತಿ ಕೊಳೆ’ ಎಂದರೆ ಹೇಗೆ? ನನಗೆ ಇದೇ ಇಷ್ಟ, ಸ್ವಲ್ಪ ಒರಟಾಯಿತು ಅನ್ನುವವರೂ ಇದ್ದಾರೆ.

ಮತ್ತೆ ದೋರಗಾಯಿಗೆ ಬರುತ್ತೇನೆ. ಮರಾಠಿಯಲ್ಲಿ ಮಾವು ಮರದಲ್ಲೇ ಹಣ್ಣಿಗೆ ತಿರುಗಿದ್ದಕ್ಕೆ ‘ಪಾಡ’ ಅನ್ನುತ್ತಾರೆ. ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯವರು ಕನ್ನಡ ಮಾತಿನಲ್ಲೂ ಅದನ್ನು ಬಳಸುತ್ತೀರಾ? ಬಳಸಿದರೆ ಮಾವಿಗೆ ಮಾತ್ರವೋ, ಬೇರೆ ಕಾಯಿಗೂ ಉಂಟೋ? ಕರಾವಳಿ, ಮಲೆನಾಡಿನವರು ಈ ಹಂತಕ್ಕೆ ಏನನ್ನುತ್ತೀರಿ? ತುಮಕೂರಿನವರಲ್ಲಿ ಪಾವಗಡ, ಮಧುಗಿರಿಯವರು ಒಂದು ಕಡೆ, ತಿಪಟೂರು, ತುರುವೇಕೆರೆಯವರು ಇನ್ನೊಂದು ಕಡೆ. ಇಬ್ಬರ ಬಾಯಲ್ಲೂ ಇದು ‘ದೋರ’ವೋ ‘ದೋರೆ’ಯೋ ಎಂದು ಬೇರೆ ಬೇರೆಯಾಗಿಯೇ ತಿಳಿಸಿದರೆ ಉಪಕಾರ. ‘ಗಾಯಿ’ ಸೇರಿಸದೆ “ಕಾಯಿ ದೋರೆಯಾಗಿದೆ” ಎಂದು ಒಂಟಿಯಾಗಿ ಆಡುವುದು ಎಲ್ಲೆಲ್ಲಿ ಇದೆ ಅನ್ನುವುದೂ ಬೇಕು, ಕೈಪಿಡಿಯ ಕೊಯ್ಲಿನ ಪುಟದಲ್ಲಿ ಕ್ರಿಯಾಪದವಾಗಿಯೇ ಹೆಚ್ಚು ಬರುತ್ತದೆ.

ಸದ್ಯಕ್ಕೆ ಕರಡಿನ ಸಾಲು ಹೀಗಿದೆ: “ಬೇಸಿಗೆಯಲ್ಲಿ ಟೊಮೆಟೊ ದೋರೆಯಾದ ಕೂಡಲೇ, ಎಂದರೆ ಕಾಯಿಯ ಮೂತಿಯಲ್ಲಿ ನಸುಗೆಂಪು ಕಂಡ ಕೂಡಲೇ, ತೊಟ್ಟಿನ ಗೆಣ್ಣಿನಲ್ಲಿ ಮುರಿದು ಕೀಳಿ, ನೆರಳಿನಲ್ಲಿಟ್ಟು ಹಣ್ಣು ಮಾಡಿ.” ಅಚ್ಚಿಗೆ ಕೊಡುವುದು ನಾಟಿ ಶುರುವಾಗುವ ಮೊದಲು. ತಿದ್ದುವುದಿದ್ದರೆ ಈಗಲೇ ತಿದ್ದಿಬಿಡಿ.