ಅಪ್‌ಡೇಟ್: ಟೈಗರ್ ಮಾತ್ ರೆಕ್ಕೆಯ ಬಿಳಿ ಮಚ್ಚೆ ಹೋಯಿತು

ನಾನು ಕಟ್ಟುತ್ತಿರುವ ಟೈಗರ್ ಮಾತ್ (ಒಂದರ ಮೇಲೊಂದು ರೆಕ್ಕೆ ಇರುವ ಹಳೇ ತರಬೇತಿ ವಿಮಾನ) ಮಾದರಿ ನಿಜವಾದದ್ದರ ನಾಲ್ಕನೇ ಒಂದು ಅಳತೆಯದು. ಅದರ ರೆಕ್ಕೆಯ ಬಟ್ಟೆಗೆ ಡೋಪ್ (ಬಟ್ಟೆಯನ್ನು ಬಿಗಿಯಾಗಿಸುವ ವಾರ್ನಿಶ್‌ನಂಥ ಲೇಪ) ಹಚ್ಚಿದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಬಂದಿದೆ, ಬಟ್ಟೆ ಕಿತ್ತು ಹೊಸದು ಹಾಕಬೇಕಾ ಅಂತ ಇಲ್ಲಿ ಕೇಳಿದ್ದೆ. ಕೀಳುವ ಪ್ರಮೇಯವೇ ಬರಲಿಲ್ಲ! ನೀವು ಹೇಳಿದ ಹಾಗೆ ಅದು ತೇವದ ಕೆಲಸ. ಡೋಪ್‌ಗೆ ಬೆರೆಸಿದ ತಿನ್ನರ್ ಬೇಗ ಆರುವಾಗ ಬಟ್ಟೆ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ನೀರಿನ ಪಸೆ ಅಲ್ಲೇ ಕೂರುತ್ತದೆ. ನಾನು ಹಚ್ಚಿದ್ದು ಜುಲೈ ಸಂಜೆ, ಹೊರಗೆ ಜಿಟಿಜಿಟಿ ಮಳೆ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಿಟಾರ್ಡರ್ (ತಿನ್ನರ್ ಆರುವುದನ್ನು ನಿಧಾನ ಮಾಡುವ ದ್ರವ) ತಂದೆ. ನಾಲ್ಕು ದಿನ ಕಾದು, ಒಳ್ಳೆ ಬಿಸಿಲು ಬಂದ ಮಧ್ಯಾಹ್ನ ತಿನ್ನರ್‌ಗೆ ಸ್ವಲ್ಪ ಬೆರೆಸಿ ಮಚ್ಚೆ ಮೇಲೆ ತೆಳ್ಳಗೆ ಸ್ಪ್ರೇ ಮಾಡಿದೆ. ನೋಡ್ತಾ ನೋಡ್ತಾ ಬಿಳುಪು ಕರಗಿ, ಕೆಳಗಿನ ರಿಬ್‌ಗಳು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳು), ನಾನೇ ಕೂತು ಹಾಕಿದ ಹೊಲಿಗೆ ಒಂದೊಂದೂ ಕಾಣಿಸಿತು. ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನು ಟೆರೇಸಿಗೆ ಕರೆದು ತೋರಿಸಿದೆ.

ಬ್ಯಾಲೆನ್ಸ್ ಕೂಡ ನೋಡಿದೆ. ಈ ವಿಮಾನದ ಮೂತಿ ಗಿಡ್ಡ, ಬಾಲ ಭಾರ. ಬ್ಯಾಟರಿಯನ್ನು ಪೂರ್ತಿ ಮುಂದೆ ತಳ್ಳಿದರೂ ಸಾಲದೆ ಮೂತಿಗೆ 300 ಗ್ರಾಂ ಸೀಸ ಹಾಕಬೇಕಾಯಿತು. ರೆಕ್ಕೆ 2.2 ಮೀಟರ್ ಉದ್ದ ಇರುವುದರಿಂದ ಇಷ್ಟು ತೂಕ ಜಾಸ್ತಿ ಅನ್ನಿಸುವುದಿಲ್ಲ. ಈ ವಾರ ರೆಕ್ಕೆಗಳ ನಡುವಿನ ತಂತಿ ಬಿಗಿಯುತ್ತೇನೆ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.