ಎನ್‌ಎಫ್‌ಎಲ್ ಸಹಾಯಕ ಕೋಚ್: ಕೆಳಗಿನಿಂದ ಮೇಲೇರುವ ದಾರಿ ಹೇಗೆ?

ಪ್ರಶ್ನೆ: ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್‌ನಲ್ಲಿ, ಕ್ವಾಲಿಟಿ ಕಂಟ್ರೋಲ್ ಕೋಚ್ (ಕೆಳಹಂತದ ಸಹಾಯಕ ಕೋಚ್) ಆಗಿ ಸೇರಿದವರು ನಿಜವಾಗಿ ಏನು ಮಾಡುತ್ತಾರೆ? ಮುಂದಿನ ಹುದ್ದೆ ಯಾವುದು?

ಉತ್ತರ 1: ಬಹುಪಾಲು ವಿಡಿಯೊ ಕೆಲಸವೇ. ಎದುರಾಳಿಯ ಪ್ರತಿ ಪ್ಲೇಗೂ ಎಷ್ಟನೇ ಡೌನ್ (ಹತ್ತು ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಬಾಕಿ, ಯಾವ ಫಾರ್ಮೇಶನ್ (ಆಟಗಾರರು ನಿಲ್ಲುವ ರೀತಿ), ಯಾವ ಆಟಗಾರರ ಗುಂಪು ಎಂದು ದಾಖಲಿಸಬೇಕು. ಗುಂಪಿಗೆ ಎರಡಂಕಿಯ ಹೆಸರಿರುತ್ತದೆ: ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳ (ಚೆಂಡು ಹಿಡಿದು ಓಡುವವರು) ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳ (ಎದುರಾಳಿಯನ್ನು ತಡೆಯುವ, ಪಾಸ್ ಕೂಡ ಹಿಡಿಯುವವರು) ಸಂಖ್ಯೆ. ‘11’ ಅಂದರೆ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್‌ಗಳು (ಪಾಸ್ ಹಿಡಿಯುವವರು). ‘12’ರಲ್ಲಿ ಟೈಟ್ ಎಂಡ್ ಇಬ್ಬರು, ರಿಸೀವರ್ ಇಬ್ಬರು. ಇವೆರಡನ್ನು ಅದಲುಬದಲು ಬರೆದರೆ ಇಡೀ ವಾರದ ಲೆಕ್ಕ ಕೆಡುತ್ತದೆ: ಪಾಸ್ ಬರುವ ಹೊತ್ತಿಗೆ ನಿಮ್ಮ ಡಿಫೆನ್ಸ್ ಓಟ ತಡೆಯಲು ಸಜ್ಜಾಗಿರುತ್ತದೆ. ಅಭ್ಯಾಸಕ್ಕೆ ಎದುರಾಳಿಯ ಪ್ಲೇಗಳನ್ನು ಕಾರ್ಡ್‌ಗಳಲ್ಲಿ ಬರೆದುಕೊಡುವುದೂ ಸಾಮಾನ್ಯವಾಗಿ ಇವರ ಪಾಲಿಗೇ.

ಉತ್ತರ 2: ಮುಂದೆ ಒಂದು ಸ್ಥಾನದ ಸಹಾಯಕ, ಆ ಸ್ಥಾನದ ಕೋಚ್, ಆಮೇಲೆ ಕೋಆರ್ಡಿನೇಟರ್ (ಇಡೀ ಆಫೆನ್ಸ್ ಅಥವಾ ಇಡೀ ಡಿಫೆನ್ಸ್‌ನ ಹೊಣೆ ಹೊತ್ತವರು). ಶಾನ್ ಮೆಕ್‌ವೇ ವಾಷಿಂಗ್ಟನ್‌ನಲ್ಲಿ ಟೈಟ್ ಎಂಡ್ ಕೋಚ್ ಆಗಿದ್ದು, 2014ರಲ್ಲಿ ಆಫೆನ್ಸಿವ್ ಕೋಆರ್ಡಿನೇಟರ್ ಆದರು; 2017ರಲ್ಲಿ, 30ನೇ ವಯಸ್ಸಿಗೆ, ರ‍್ಯಾಮ್ಸ್ ಮುಖ್ಯ ಕೋಚ್. ಅಷ್ಟು ವೇಗ ಅಪರೂಪ. ಮುಖ್ಯ ಕೋಚ್‌ನನ್ನು ತೆಗೆದರೆ ಸಹಾಯಕರಲ್ಲಿ ಹೆಚ್ಚಿನವರೂ ಕೆಲಸ ಕಳೆದುಕೊಳ್ಳುತ್ತಾರೆ, ಆದ್ದರಿಂದ ಬೇರೆ ತಂಡಗಳ ಕೋಚ್‌ಗಳ ಪರಿಚಯ ಬೇಕೇ ಬೇಕು.

ಉತ್ತರ 3: ಕೋಆರ್ಡಿನೇಟರ್ ಆಗದಿದ್ದರೆ ಸೋಲು ಅಂದುಕೊಳ್ಳಬೇಡಿ. ಪೇಟ್ರಿಯಟ್ಸ್‌ ತಂಡದ ಆಫೆನ್ಸಿವ್ ಲೈನ್ (ಮುಂದೆ ನಿಂತು ಎದುರಾಳಿಯನ್ನು ತಡೆಯುವ ಸಾಲು) ಕೋಚ್ ಆಗಿದ್ದ ಡಾಂಟೆ ಸ್ಕಾರ್ನೆಕಿಯಾ ನಿವೃತ್ತರಾಗಿದ್ದರೂ 2016ರಲ್ಲಿ ಅದೇ ಕೆಲಸಕ್ಕೆ ಮರಳಿದರು.